ಟಾಂಗಾ ಕುದುರೆಯ ಹಿಂಗಾಲು



ಮೈಸೂರಿನ ಅರಮನೆಯ ಸುತ್ತ ಇಂದಿಗೂ ಓಡುವ ಟಾಂಗಾ ಹತ್ತಿದವರು ಗಮನಿಸಿರಬಹುದು. ಗಾಡಿ ಹೊಡೆಯುವವರ ಮೊಣಕಾಲಿಗೂ ಕುದುರೆಯ ಬೆನ್ನ ಹಿಂಭಾಗಕ್ಕೂ ನಡುವೆ ಇರುವ ಜಾಗ ಬಹಳ ಕಡಿಮೆ. ಕುದುರೆಯ ಹಿಂದೆ ಹೋಗಬೇಡ ಎಂದು ಮಕ್ಕಳನ್ನು ಗದರಿಸುವ ನಾವು, ದಿನವಿಡೀ ಅದರ ಹಿಂದೆಯೇ ಕೂರುವವರನ್ನು ನಂಬಿ ನಿಶ್ಚಿಂತೆಯಾಗಿ ಸವಾರಿ ಹೋಗುತ್ತೇವೆ. ಅವರಿಗೆ ಒದೆ ಬೀಳುವುದಿಲ್ಲವೇಕೆ?

ಕುದುರೆ ಪಳಗಿದೆ, ಅದು ಸರಿ. ಆದರೆ ಉತ್ತರದ ದೊಡ್ಡ ಪಾಲು ಇರುವುದು ಚರ್ಮದ ಪಟ್ಟಿಗಳಲ್ಲಿ.

ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಕ್ಕಿವೆ. ಕತ್ತು ಹೊರಳಿಸದೆ ಸುಮಾರು 350 ಡಿಗ್ರಿಯಷ್ಟು ನೋಟ ಅದಕ್ಕೆ ಸಿಗುತ್ತದೆ. ಕಾಣದೆ ಉಳಿಯುವ ಮುಖ್ಯ ಜಾಗ ಬಾಲದ ನೇರ ಹಿಂದೆ. ಅಲ್ಲಿ ಏನಾದರೂ ತಗುಲಿತೆಂದರೆ ಅದು ವಿಚಾರಿಸುತ್ತಾ ನಿಲ್ಲುವುದಿಲ್ಲ, ಒದ್ದೇಬಿಡುತ್ತದೆ. ನಾವೋ ಗಾಡಿಯನ್ನು ತಂದು ಹೂಡುವುದೂ ಅಲ್ಲೇ. ಸಾಲದ್ದಕ್ಕೆ ಕಣ್ಣಿನ ಪಕ್ಕಕ್ಕೆ ಪಟ್ಟಿ ಬೇರೆ ಕಟ್ಟುತ್ತೇವೆ. ಆದ್ದರಿಂದ ಗಾಡಿಯ ಯಾವ ಭಾಗವೂ ಹಿಂಗಾಲಿಗೆ ತಾಕಬಾರದು. ಇಳಿಜಾರಿನಲ್ಲಿ ಗಾಡಿಯನ್ನು ತಡೆಯುವುದು ತೊಡೆಗಳ ಹಿಂದಿನಿಂದ ಬಳಸಿ ಬಂದು, ಕುದುರೆಯ ಎರಡೂ ಪಕ್ಕದ ಮರದ ಮೂಕಿಗಳಿಗೆ ಬಿಗಿದಿರುವ ಅಗಲವಾದ ಪಟ್ಟಿ. ಅದು ಸಡಿಲವಾಗಿದ್ದರೆ ಗಾಡಿ ಮುಂದಕ್ಕೆ ಜಾರಿ ಕಾಲಿಗೆ ಬಡಿಯುತ್ತದೆ. ಕುದುರೆ ಒದೆಯುತ್ತದೆ. ಒದ್ದ ಕಾಲಿಗೆ ಮರ ಮತ್ತೆ ತಾಗುತ್ತದೆ, ಮತ್ತೆ ಒದೆಯುತ್ತದೆ. ಹೊರಗೆ ನಿಂತು ನೋಡಿದವರಿಗೆ ಅದು ಪೋಕರಿ ಕುದುರೆ!

ಎರಡೂ ಕಾಲೆತ್ತಿ ಜಾಡಿಸಬೇಕಾದರೆ ಕುದುರೆ ತಲೆ ತಗ್ಗಿಸಿ ಹಿಂಭಾಗವನ್ನು ಮೇಲೆತ್ತಬೇಕು. ಉಪಾಯವೂ ಇಲ್ಲೇ ಇದೆ. ಒಂದು ಮೂಕಿಯಿಂದ ಹೊರಟು, ಬಾಲದ ಬುಡಕ್ಕಿಂತ ಸ್ವಲ್ಪ ಮುಂದೆ ಬೆನ್ನ ಮೇಲೆ ಹಾದು, ಇನ್ನೊಂದು ಮೂಕಿಗೆ ಕಟ್ಟುವ ಪಟ್ಟಿಯೊಂದಿದೆ. ನಡಿಗೆಗೆ ಅಡ್ಡಿಯಾಗದಷ್ಟು ಸಡಿಲ, ಹಿಂಭಾಗ ಏಳದಷ್ಟು ಬಿಗಿ, ಹಾಗಿರಬೇಕು. ಹೊಸದಾಗಿ ಗಾಡಿಗೆ ಹೂಡುವ ಕುದುರೆಗೆ ಇದಿಲ್ಲದೆ ಹೊರಡುವುದು ಹುಂಬತನವೆಂದೇ ನನ್ನ ಮಾತು. ಜೊತೆಗೆ ತಲೆ ತಗ್ಗದಂತೆ ಲಗಾಮು ಹಿಡಿದು, ಮುಂದಕ್ಕೆ ನಡೆಸುತ್ತಿರಬೇಕು. ಚುರುಕಾಗಿ ನಡೆಯುವ ಕುದುರೆಗೆ ಒದೆಯಲು ಪುರುಸೊತ್ತು ಕಡಿಮೆ.

ಇನ್ನು ಅನುಭವಿಗಳನ್ನೂ ಪೇಚಿಗೆ ಸಿಕ್ಕಿಸುವ ಪ್ರಸಂಗ: ನೊಣ ಓಡಿಸಲು ಬೀಸಿದ ಬಾಲ ಲಗಾಮಿನ ಮೇಲೆ ಬೀಳುತ್ತದೆ. ಬಾಲದಡಿ ಏನೋ ಸಿಕ್ಕಿತೆಂದು ಕುದುರೆ ಬಾಲವನ್ನು ಒತ್ತಿ ಹಿಡಿಯುತ್ತದೆ. ಮೇಲೆ ಕೂತವರ ಕೈ ತಾನಾಗಿಯೇ ಲಗಾಮನ್ನು ಎಳೆಯುತ್ತದೆ. ಎಳೆದಷ್ಟೂ ಹಗ್ಗ ಬಾಲದ ಕೆಳಗಿನ ಸೂಕ್ಷ್ಮ ಚರ್ಮಕ್ಕೆ ಉಜ್ಜುತ್ತದೆ, ಬಾಲ ಇನ್ನಷ್ಟು ಬಿಗಿಯುತ್ತದೆ, ಮುಂದಿನದು ಒದೆತವೇ. ಇಲ್ಲಿ ಮಾಡಬೇಕಾದ್ದು ಕೈ ಬಯಸುವುದಕ್ಕೆ ಉಲ್ಟಾ. ಬಾಲಕ್ಕೆ ಸಿಕ್ಕಿದ ಲಗಾಮನ್ನು ಸಡಿಲ ಬಿಡಬೇಕು, ಮಾತಾಡಿಸುತ್ತಾ ನಡೆಸಬೇಕು. ಬಾಲ ಸಡಿಲವಾದಾಗ ಹಗ್ಗ ತಾನೇ ಜಾರುತ್ತದೆ. ಜಾರದಿದ್ದರೆ ಗಾಡಿ ನಿಲ್ಲಿಸಿ, ಒಬ್ಬರು ತಲೆಯ ಬಳಿ ನಿಂತು ಹಿಡಿದುಕೊಂಡು, ಇನ್ನೊಬ್ಬರು ಪಕ್ಕದಿಂದ ಬಾಲವನ್ನು ಮೆಲ್ಲಗೆ ಎತ್ತಿ ಬಿಡಿಸಬೇಕು.

ಒದೆತ ಬರೀ ಆಕಸ್ಮಿಕವೇ? ಬೋರ್ಟ್‌ಕಿಯೆವಿಚ್ ಎಂಬ ಸಂಖ್ಯಾಶಾಸ್ತ್ರಜ್ಞ 1898ರಲ್ಲಿ ಕುದುರೆ ಒದೆತದ ಲೆಕ್ಕವನ್ನೇ ಪುಸ್ತಕಕ್ಕೆ ತಂದ. ಪ್ರಷ್ಯದ ಸೈನ್ಯದ 10 ದಳಗಳಲ್ಲಿ 20 ವರ್ಷಗಳಲ್ಲಿ 122 ಸೈನಿಕರು ಒದೆತಕ್ಕೆ ಬಲಿಯಾಗಿದ್ದರು. ಯಾವ ವರ್ಷ, ಯಾವ ದಳದಲ್ಲಿ ಎಷ್ಟು ಸಾವು ಎಂಬುದು ಆಕಸ್ಮಿಕಗಳ ಗಣಿತಕ್ಕೆ ಚೆನ್ನಾಗಿ ಹೊಂದಿಕೊಂಡಿತ್ತು. ಸೈನ್ಯದ ಕಡತಕ್ಕೆ ಆಕಸ್ಮಿಕವಿರಬಹುದು. ಒಂದೇ ಕುದುರೆಯೊಡನೆ ಬದುಕುವವರಿಗೆ ಹಾಗಲ್ಲ. ಹಿಂದಕ್ಕೆ ಅಂಟಿದ ಕಿವಿ, ರಪರಪ ಬಡಿಯುವ ಬಾಲ, ಮುಂಗಾಲಿನ ಮೇಲೆ ಸರಿಯುವ ಭಾರ ಅವರ ಕಣ್ಣಿಗೆ ಬೀಳುತ್ತವೆ.

ಕೆಳಗಿಳಿದಾಗ ಕುದುರೆಯ ಹಿಂದೆ ಹಾಯಲೇಬೇಕಾದರೆ ಮೈಗೆ ಕೈಯಿಟ್ಟು, ದನಿ ಕೊಡುತ್ತಾ, ಒತ್ತಿಕೊಂಡೇ ಹಾಯಿರಿ. ಅಷ್ಟು ಹತ್ತಿರದಲ್ಲಿ ಕಾಲಿಗೆ ಬೀಸು ಸಿಗುವುದಿಲ್ಲ. ಇಲ್ಲವೇ ಹತ್ತು ಹನ್ನೆರಡು ಅಡಿ ದೂರ ಸರಿದು ಹೋಗಿ. ನಡುವಿನ ಜಾಗವೇ ಕೆಟ್ಟದ್ದು. ಗಾಡಿ ಬಿಚ್ಚುವಾಗ ಕಣ್ಣಿನ ಪಟ್ಟಿಯಿರುವ ಮುಖದ ಕಟ್ಟನ್ನು ಮೊದಲು ತೆಗೆಯಲೇಬಾರದು. ಬೆನ್ನ ಹಿಂದಿನ ಗಾಡಿ ಹಠಾತ್ತನೆ ಕಂಡರೆ ಕುದುರೆ ಬೆದರುತ್ತದೆ, ಹಿಡಿಯಲು ಲಗಾಮೂ ಕೈಯಲ್ಲಿರುವುದಿಲ್ಲ.

ಇಷ್ಟಾಗಿಯೂ ಒದೆ ಬಿದ್ದರೆ? ಹೊಟ್ಟೆಗೋ ಎದೆಗೋ ತಲೆಗೋ ಬಿದ್ದಿದ್ದರೆ, ಹೊರಗೆ ಗಾಯ ಕಾಣದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಿ. ಒಳಗೆ ರಕ್ತ ಸೋರುತ್ತಿರಬಹುದು. ಲಾಳದಿಂದ ಚರ್ಮ ಕಿತ್ತಿದ್ದರೆ ಚೆನ್ನಾಗಿ ತೊಳೆದು, ಧನುರ್ವಾಯುವಿನ ಚುಚ್ಚುಮದ್ದಿನ ವಿಚಾರವನ್ನು ವೈದ್ಯರಲ್ಲಿ ಕೇಳಿ. ಆ ರೋಗಾಣು ಕುದುರೆಯ ಲದ್ದಿಯಲ್ಲೂ ಲಾಯದ ಮಣ್ಣಿನಲ್ಲೂ ಇರುತ್ತದೆ.