ಪೇಟೆ ಮನೆಯ ತೊಟ್ಟಿ

ಉತ್ತರ ಬೆಂಗಳೂರಿನಲ್ಲಿ ಹಳೆಯದೇನಿದೆ ಎಂದು ಕೇಳಿದರೆ ನೆನಪಾಗುವುದೆಲ್ಲ ಕಲ್ಲು: ಹೆಬ್ಬಾಳದಲ್ಲಿ ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು, ಮೇಖ್ರಿ ವೃತ್ತದ ಬಳಿ ಕೆಂಪೇಗೌಡ ಗೋಪುರ. ಯಲಹಂಕವಂತೂ ನಾಡಪ್ರಭುಗಳ ಊರು. 1537ರಲ್ಲಿ ಕೆಂಪೇಗೌಡರು ಬೆಂಗಳೂರು ಕಟ್ಟಲು ಹೊರಟದ್ದು ಅಲ್ಲಿಂದಲೇ. ಆಗ ಜನ ಬಾಳಿದ ಮನೆಗಳೆಲ್ಲಿ? ಮಣ್ಣು ಮರದ ಮನೆಗಳು ಬಿದ್ದವು, ಮತ್ತೆ ಎದ್ದವು. ಗೋಡೆ ಹೋದರೂ ಕಟ್ಟುವ ಕ್ರಮ ಕೈಯಿಂದ ಕೈಗೆ ದಾಟಿತು.

ಆ ಕ್ರಮದ ಜಾಣತನ ನೋಡಿ. ಪೇಟೆಯಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ, ಪಕ್ಕದ ಗೋಡೆಗೆ ಕಿಟಕಿ ಇಡುವಂತಿಲ್ಲ. ಹಾಗಾಗಿ ಬೆಳಕನ್ನು ಮೇಲಿನಿಂದಲೇ ಇಳಿಸಿದರು. ನಡುವೆ ತೊಟ್ಟಿ, ಸುತ್ತ ಪಡಸಾಲೆ, ನಾಲ್ಕೂ ಸೂರು ಒಳಮುಖವಾಗಿ ಇಳಿಜಾರು. ಮಳೆನೀರು ಕಲ್ಲು ಹಾಸಿದ ತೊಟ್ಟಿಗೆ ಬಿದ್ದು ಮೋರಿಯಲ್ಲಿ ಹೊರಟುಹೋಗುತ್ತದೆ. ಬಿಸಿಗಾಳಿ ಮೇಲಕ್ಕೇರಿದಂತೆ ಬೀದಿಬಾಗಿಲಿಂದ ತಂಪು ಒಳಬರುತ್ತದೆ.

ಬಡಗಿಯ ಕೈಚಳಕವೂ ಇಲ್ಲೇ ಕಾಣುತ್ತದೆ. ತೇವ ಏರದಂತೆ ಕಲ್ಲಿನ ಪೀಠ, ಅದರ ಮೇಲೆ ಮರದ ಕಂಬ, ಕಂಬದ ತಲೆಗೆ ಬೋದಿಗೆ, ಆಮೇಲೆ ತೊಲೆ, ಜಂತೆ. ಬೋದಿಗೆಯ ಹೂಬಳ್ಳಿ ಚೆಂದಕ್ಕೆ. ಬೋದಿಗೆ ಎರಡೂ ಕಡೆ ಕೈಚಾಚಿರುವುದು ಮಾತ್ರ ತೊಲೆಯ ಭಾರ ಹೊರಲು.

ಹಳೆಯ ಮನೆ ಉಳಿಯುವ ಬಗೆ ಎಲ್ಲ ಕಡೆ ಒಂದೇ ಅಲ್ಲ. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿ ಸೇರಿತು, ಮರುವರ್ಷ ಜರ್ಮನಿಯ ಲ್ಯೂಬೆಕ್ ನಗರ. ಲ್ಯೂಬೆಕ್‌ನಲ್ಲಿ ಮಧ್ಯಯುಗದ ವರ್ತಕರ ಇಟ್ಟಿಗೆ ಮನೆಗಳಲ್ಲಿ ಇಂದಿಗೂ ಒಕ್ಕಲಿದೆ. ಹಂಪಿಯಲ್ಲಿ ಗುಡಿಗಳು ನಿಂತವು, ಸಿರಿವಂತರ ಮನೆಗಳಲ್ಲೂ ಉಳಿದದ್ದು ಅಡಿಪಾಯ ಮಾತ್ರ.

ನಮ್ಮಲ್ಲಿ ಮನೆ ಉಳಿಸಿದವರು ಎರಡು ದಾರಿ ಹಿಡಿದರು. ಮಣಿಪಾಲದ ವಿಜಯನಾಥ ಶೆಣೈ ಅವರು ಕೆಡವಲಿದ್ದ ಮನೆಗಳನ್ನು ಬಿಚ್ಚಿ ತಂದು ಹಸ್ತಶಿಲ್ಪ ಗ್ರಾಮದಲ್ಲಿ ಮತ್ತೆ ಜೋಡಿಸಿದರು. ಆನೆಗೊಂದಿಯಲ್ಲಿ ಕಿಷ್ಕಿಂದಾ ಟ್ರಸ್ಟ್ ಹಳೆಯ ಮನೆಗಳನ್ನು ಇದ್ದಲ್ಲೇ ರಿಪೇರಿ ಮಾಡಿ ಅತಿಥಿಗಳಿಗೆ ತೆರೆಯಿತು. ಯಲಹಂಕದಂಥ ಪೇಟೆಗೆ ಒಗ್ಗುವುದು ಎರಡನೆಯದು. ವೀರಗಲ್ಲಿಗೆ ಬೇಲಿ ಸಾಕು. ತೊಟ್ಟಿಮನೆಗೆ ದಿನವೂ ಗುಡಿಸುವವರು, ಮಳೆಗೆ ಮುಂಚೆ ಹೆಂಚು ಕೈಯಾಡಿಸುವವರು ಬೇಕು. ಆ ಖರ್ಚಿನಲ್ಲಿ ಊರೂ ಪಾಲು ಹೊರದಿದ್ದರೆ ಮನೆಯವರನ್ನಷ್ಟೇ ದೂರುವುದು ನ್ಯಾಯವಲ್ಲ.

ಒಡೆಯಲೇಬೇಕಾಗಿ ಬಂದರೆ, ಕಂಬ ತೊಲೆಗಳನ್ನು ಮಾರುವ ಮುನ್ನ ಅಳತೆ ತೆಗೆಸಿ, ನಕ್ಷೆ ಬರೆಸಿಡಿ. ನಾಳೆ ಯಾರಾದರೂ ತೊಟ್ಟಿಮನೆ ಕಟ್ಟಿಸಬೇಕೆಂದರೆ ಬಡಗಿ ಮೊದಲು ಕೇಳುವುದು ಅದನ್ನೇ.