ಹೊಲದ ಬಂಟಿಂಗ್, ಬಾಗಿಲ ಬಂಟಿಂಗ್

ಮಾಗಿಯ ಚಳಿಯಲ್ಲಿ ವಿಜಯಪುರದ ಕಡೆ ಬಿಳಿಜೋಳದ ಹೊಲದ ಬದುವಿನಲ್ಲಿ ನಿಂತರೆ, ಹಳದಿ ಹೊಟ್ಟೆಯ ಹಕ್ಕಿಗಳ ಹಿಂಡು ತೆನೆಗಳಿಂದ ಒಮ್ಮೆಲೇ ಏಳುವುದನ್ನು ಕಾಣಬಹುದು. ಅದು ಕರಿತಲೆಯ ಬಂಟಿಂಗ್. ಗುಬ್ಬಿಗಿಂತ ತುಸು ದೊಡ್ಡದು. ಗ್ರೀಸ್, ಟರ್ಕಿ, ಇರಾನಿನಲ್ಲಿ ಮರಿಮಾಡಿ, ಸಾವಿರಾರು ಕಿಲೋಮೀಟರ್ ಹಾರಿ, ನಮ್ಮ ಕಾಳು ನಂಬಿ ಬರುತ್ತದೆ. ಯುರೋಪಿನ ಬಹಳಷ್ಟು ವಲಸೆ ಹಕ್ಕಿಗಳು ಆಫ್ರಿಕಾದತ್ತ ಹೋದರೆ, ಇದು ಪೂರ್ವಕ್ಕೆ ಮುಖ ಮಾಡುತ್ತದೆ. ರೈತನಿಗೆ ಒಂದಿಷ್ಟು ನಷ್ಟ, ನಿಜ. ಆದರೂ ಆ ಹಳದಿ ಎದ್ದಾಗ ಕವಣೆ ಹಿಡಿದ ಕೈ ಕ್ಷಣಹೊತ್ತು ನಿಲ್ಲುತ್ತದೆ.

ಅದೇ ಹೆಸರಿನ ಇನ್ನೊಂದು ಬಂಟಿಂಗ್, ಪುಟ್ಟ ಬಾವುಟಗಳ ಮಾಲೆ, ಜಾತ್ರೆ, ಮದುವೆಗಳಲ್ಲಿ ಹಾರುತ್ತದೆ. ಪ್ಲಾಸ್ಟಿಕ್ಕಿನದನ್ನು ಕರ್ನಾಟಕ 2016ರಲ್ಲೇ ನಿಷೇಧಿಸಿತು. ಕಂಬಗಳಲ್ಲಿ ಅದರ ಚಿಂದಿ ಇನ್ನೂ ಕಾಣುವಾಗ ಹೊಟ್ಟೆ ಉರಿಯುತ್ತದೆ. ನಮ್ಮ ಮನೆಯದು ಬಟ್ಟೆಯದು. ಅವ್ವನ ಇಳಕಲ್ ಸೀರೆ, ಅಣ್ಣನ ಅಂಗಿ, ಕೌದಿಗೆ ಸೇರದೆ ಉಳಿದ ತುಂಡುಗಳು. ಮುಕ್ಕೋನವಾಗಿ ಕತ್ತರಿಸಿ, ಎರಡೆರಡನ್ನು ಜೋಡಿಸಿ ಹೊಲಿದು, ಒಳಹೊರಗು ಮಗುಚಿ, ಉದ್ದನೆಯ ಪಟ್ಟಿಗೆ ಸೇರಿಸಿದ್ದು. ತೊಳೆದು ಮಡಿಚಿಟ್ಟರೆ ಮುಂದಿನ ದಸರೆಗೂ ಅದೇ.

ಈ ಸಲ ಬಾಗಿಲಿಗೆ ಕಟ್ಟುವಾಗ ಮೊಮ್ಮಗಳು ಒಂದು ಕೆಂಪು ತುಂಡನ್ನು ಮುಟ್ಟಿ, "ಇದು ಯಾರ್ದು, ಆಯಿ?" ಅಂದಳು.

"ನಮ್ಮವ್ವನ ಸೆರಗು," ಅಂದೆ.