ಜಳಕ, ಮೆಟ್ರೊ, ಚಿಲ್ಲರೆ: ಇದೂ ವೈದ್ಯಕೀಯ ನೆರವೇ

(ವೈದ್ಯಕೀಯ ನೆರವು ನಿಧಿಗಾಗಿ ಭೋಸರಿಯಲ್ಲಿ ಸೇರಿದ್ದ ಸಭೆಯಲ್ಲಿ ನಮ್ಮ ಸದಸ್ಯರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಡಾಕ್ಟರಲ್ಲ. ಭೋಸರಿ ಎಂಐಡಿಸಿಯ ಮಷಿನ್ ಶಾಪಿನಲ್ಲಿ ಕೆಲಸ ಮಾಡುವವನು. ಆಟಿಸಂ ಇರುವ 23 ವರ್ಷದ ಮಗನ ತಂದೆ. ನಮ್ಮ ನಿಧಿ ಡಯಾಲಿಸಿಸ್‌ಗೆ, ಆಪರೇಷನ್‌ಗೆ ನೆರವಾಗುತ್ತದೆ, ಆಗಲೇಬೇಕು. ಆದರೆ ಆಸ್ಪತ್ರೆಯ ಬಿಲ್ಲು ತೋರಿಸಲಾಗದ ಒಂದು ಖರ್ಚಿದೆ. ಅದರ ಬಗ್ಗೆ ನಾಲ್ಕು ಮಾತು ಹೇಳಲು ನಿಂತಿದ್ದೇನೆ.

ನಾಲ್ಕು ವರ್ಷದ ಹಿಂದೆ ಬೆನ್ನಿಗೆ ಪೆಟ್ಟಾಗಿ ನಾನು ಹಾಸಿಗೆ ಹಿಡಿದಿದ್ದೆ. ಮನೆಯವರು ಔಷಧ ತರಲು ಹೋಗಿದ್ದರು. ಮಗ ಟವೆಲು ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತವನು ಎರಡು ತಾಸು ಅಲ್ಲೇ ನಿಂತಿದ್ದ. ಹತ್ತೊಂಬತ್ತು ವರ್ಷ ಅವನಿಗೆ ಜಳಕ ಮಾಡಿಸಿದವನು ನಾನು. ಅವನಿಗೆ ಬರುವುದಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಬರುತ್ತದೋ ಇಲ್ಲವೋ ಎಂದು ಒಂದು ದಿನವೂ ನೋಡಿರಲಿಲ್ಲ. ಬೆಳಗಿನ ಶಿಫ್ಟಿಗೆ ಓಡುವವನಿಗೆ ಕಲಿಸುವುದಕ್ಕಿಂತ ಮಾಡಿಸಿಬಿಡುವುದೇ ಸುಲಭ.

ನಮ್ಮ ಶಾಪಿನಲ್ಲಿ ಹೊಸ ಹುಡುಗನಿಗೆ 'ಈ ಶಾಫ್ಟ್ ಮಾಡು' ಎಂದು ಬಿಟ್ಟುಬಿಡುವುದಿಲ್ಲ. ಪ್ರೊಸೆಸ್ ಶೀಟ್ ಕೊಡುತ್ತೇವೆ: ಮೊದಲು ಫೇಸಿಂಗ್, ಆಮೇಲೆ ಟರ್ನಿಂಗ್, ಇಲ್ಲಿ ಅಳತೆ ನೋಡು. ಮಗನಿಗೆ ಮಾತ್ರ 'ಜಳಕ ಮಾಡು' ಎಂದಷ್ಟೇ ಹೇಳುತ್ತಿದ್ದೆವು. ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬರು, ಜಳಕವನ್ನು ಬಿಡಿಸಿ ಬರೆಯಿರಿ ಅಂದರು. ನಾವಿಬ್ಬರೂ ಕೂತು ಬರೆದೆವು, 21 ಹೆಜ್ಜೆ ಆಯಿತು! ಒಂದೊಂದಕ್ಕೂ ಚಿತ್ರ ಮಾಡಿ ಬಚ್ಚಲ ಗೋಡೆಗೆ ಅಂಟಿಸಿದೆವು.

ಕಲಿಸಿದ್ದು ಕೊನೆಯಿಂದ. ಇಪ್ಪತ್ತು ಹೆಜ್ಜೆ ನಾವು ಮಾಡಿಸಿ, ಒದ್ದೆ ಟವೆಲು ಹಗ್ಗಕ್ಕೆ ಹಾಕುವುದನ್ನು ಅವನಿಗೆ ಬಿಟ್ಟೆವು. ಕೆಲಸ ಮುಗಿಸಿದ ಸಂತೋಷ ಮೊದಲ ದಿನವೇ ಅವನಿಗೆ ಸಿಕ್ಕಿತು. ಅದು ಬಂದ ಮೇಲೆ ಕೊನೆಯ ಎರಡು, ಆಮೇಲೆ ಮೂರು. ಸಿಕ್ಕಿಬಿದ್ದದ್ದು ನೀರು ಬೆರೆಸುವಲ್ಲಿ. 'ಹದವಾಗಿ' ಅನ್ನುವ ಮಾತು ಅವನಿಗೆ ಹಿಡಿತಕ್ಕೆ ಸಿಗದು. ಬಕೆಟಿನ ಒಳಗೆ ಎರಡು ಗೆರೆ ಎಳೆದೆ: ನೀಲಿಯವರೆಗೆ ತಣ್ಣೀರು, ಅದರ ಮೇಲೆ ಕೆಂಪಿನವರೆಗೆ ಬಿಸಿನೀರು. ತಣ್ಣೀರೇ ಮೊದಲು, ಕೈ ಸುಡಬಾರದಲ್ಲ. ಗೀಸರಿನ ಬಿಸಿಯನ್ನೂ ತಗ್ಗಿಸಿಟ್ಟೆ. ಒಂಬತ್ತು ತಿಂಗಳು ಹಿಡಿಯಿತು. ತಲೆ ತೊಳೆಯುವುದು ಇವತ್ತಿಗೂ ನನ್ನ ಪಾಲಿಗೇ ಇದೆ.

ಎಲ್ಲಕ್ಕಿಂತ ಕಷ್ಟವಾದದ್ದು ನಾವು ಬಾಯಿ ಮುಚ್ಚಿಕೊಂಡಿರುವುದು. ಪ್ರತಿ ಹೆಜ್ಜೆಗೂ 'ಹ್ಞೂಂ, ಈಗ ಸೋಪು' ಎನ್ನುತ್ತಿದ್ದರೆ ನಮ್ಮ ದನಿಯೇ ಇಪ್ಪತ್ತೆರಡನೆಯ ಹೆಜ್ಜೆ ಆಗಿಬಿಡುತ್ತದೆ. ಅದು ಕೇಳಿಸುವ ತನಕ ಅವನು ಅಲ್ಲಾಡುವುದಿಲ್ಲ.

ಹೆಣ್ಣುಮಕ್ಕಳ ತಾಯಂದಿರು ನನ್ನ ಹೆಂಡತಿಯನ್ನು ಮೆಲ್ಲಗೆ ಕೇಳುವುದು ಮುಟ್ಟಿನ ದಿನಗಳ ಬಗ್ಗೆ. ದಾರಿ ಅದೇ. ಉಳಿದ ದಿನಗಳಲ್ಲೇ ಪ್ಯಾಡ್ ಹಾಕಿ ಅಭ್ಯಾಸ ಮಾಡಿಸುವುದು, ಒಳಉಡುಪಿನ ಮೇಲೆ ಪ್ಯಾಡಿನ ಆಕಾರದ ಗುರುತು, ಬದಲಿಸಲು ಗಡಿಯಾರದ ಹೊತ್ತು. ಯಾರು ಮೈ ಮುಟ್ಟಬಹುದು, ಯಾರು ಮುಟ್ಟಬಾರದು ಎಂಬುದನ್ನು ಗಂಡು ಹೆಣ್ಣು ಇಬ್ಬರಿಗೂ ಕಲಿಸಲೇಬೇಕು. ನಾಚಿಕೆಯಿಂದ ನಾವು ಬಿಟ್ಟುಬಿಡುವ ಪಾಠ ಇದೇ.

ನಮ್ಮಂಥ ಮನೆಗಳಿಗೆ ಭಾಷೆಯ ತೊಡಕು ಬೇರೆ. ಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ಮರಾಠಿ, ಥೆರಪಿಯಲ್ಲಿ ಹಿಂದಿ, ಇಂಗ್ಲಿಷ್. ಮಗ ಚಿಕ್ಕವನಿದ್ದಾಗ ಒಂದು ಕಡೆ 'ಕನ್ನಡ ಬಿಡಿ, ಗೊಂದಲ ಆಗುತ್ತದೆ' ಅಂದರು. ಬಿಟ್ಟೆವು. ನಮ್ಮ ತಾಯಿಗೆ ಕನ್ನಡ ಬಿಟ್ಟರೆ ಬೇರೆ ಬಾರದು. ಎರಡು ವರ್ಷ ಅಜ್ಜಿ-ಮೊಮ್ಮಗನ ನಡುವೆ ಮಾತೇ ಇರಲಿಲ್ಲ. ಎರಡು ಭಾಷೆ ಕೇಳುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುವುದಿಲ್ಲ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಆಗ ನಮಗೆ ಯಾರೂ ಹೇಳಲಿಲ್ಲ. ಈಗ ನಮ್ಮ ಲೆಕ್ಕ ಸರಳ: ಜಳಕ ಕನ್ನಡದಲ್ಲಿ, ಅಂಗಡಿ ಮರಾಠಿಯಲ್ಲಿ. ಅಂಗಡಿಗೆ 'ಕಿತಿ ಝಾಲೆ?' ಎಂಬ ಎರಡು ಶಬ್ದ ಸಾಕು. 'ತ್ರೇಚಾಳೀಸ್' ಎಂದರೆ ಅವನಿಗೆ ತಿಳಿಯದು, ಅದಕ್ಕೆ ಕಿರಾಣಿಯವರು ಕ್ಯಾಲ್ಕುಲೇಟರಿನಲ್ಲಿ 43 ಎಂದು ತೋರಿಸುತ್ತಾರೆ. ಮುಂದಿನ ಅಂಕೆ 4. ಹತ್ತರ ನೋಟು ಅದಕ್ಕಿಂತ ಒಂದು ಹೆಚ್ಚು, ಐದು ಕೊಡುತ್ತಾನೆ, ಚಿಲ್ಲರೆಗೆ ಕೈ ಚಾಚುತ್ತಾನೆ. ಕೂಡುವುದು ಕಳೆಯುವುದು ಅವನಿಗೆ ಬರುವುದಿಲ್ಲ. ಸಾಮಾನು ಮಾತ್ರ ಮನೆಗೆ ಬರುತ್ತದೆ.

2022ರ ಮಾರ್ಚಿನಲ್ಲಿ ಮೆಟ್ರೊ ಶುರುವಾದದ್ದು ನಮಗೆ ದೊಡ್ಡ ಅನುಕೂಲ. ನಾಶಿಕ್ ಫಾಟಾದಿಂದ ಸಂತ ತುಕಾರಾಮ್ ನಗರಕ್ಕೆ ಒಂದೇ ನಿಲ್ದಾಣ. ನಿಲ್ಲುವ ಜಾಗ ಬದಲಾಗದು, ಹೆಸರು ಕೂಗಿ ಹೇಳುತ್ತದೆ. ಮೊದಲು ಅವನ ಪಕ್ಕದಲ್ಲಿ ಕೂತೆ, ಆಮೇಲೆ ಬೋಗಿಯ ಆ ತುದಿಯಲ್ಲಿ, ಆಮೇಲೆ ಪಕ್ಕದ ಬೋಗಿಯಲ್ಲಿ. ಈಗ ಒಬ್ಬನೇ ಹೋಗುತ್ತಾನೆ. ನಾನು ಒಂದು ಗಾಡಿ ಮೊದಲೇ ಹೋಗಿ ಅಲ್ಲಿ ಕಾಯುತ್ತೇನೆ. ಬಸ್ಸಿನ ಗದ್ದಲಕ್ಕೆ ಇನ್ನೂ ಧೈರ್ಯ ಸಾಲದು. ಅವನಿಗಲ್ಲ, ನನಗೆ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. 1995ರ ಕಾಯ್ದೆಯಲ್ಲಿ ಆಟಿಸಂ ಹೆಸರೇ ಇರಲಿಲ್ಲ. 2016ರ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಅದೂ ಸೇರಿತು. ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಿ. ನ್ಯಾಷನಲ್ ಟ್ರಸ್ಟಿನ 'ನಿರಾಮಯ' ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನದು, ಥೆರಪಿಗೂ ಅದರಲ್ಲಿ ಪಾಲಿದೆ. 18 ತುಂಬಿದ ಮೇಲೆ ಕಾನೂನಿನ ಕಣ್ಣಿಗೆ ಮಗ ಸ್ವತಂತ್ರ. ಪಾಲಕತ್ವ ಬೇಕಾದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಜಿಲ್ಲಾಧಿಕಾರಿಯ ನೇತೃತ್ವದ ಸಮಿತಿಗೆ ಅರ್ಜಿ ಹಾಕಬೇಕು. ಅರ್ಜಿ ತುಂಬಲು ನಾನು ಜೊತೆ ಕೂಡುತ್ತೇನೆ.

1943ರಲ್ಲಿ ಲಿಯೊ ಕ್ಯಾನರ್ ಎಂಬ ವೈದ್ಯರು ಆಟಿಸಂ ಬಗ್ಗೆ ಬರೆದ ಲೇಖನದ ಮೊದಲ ಹುಡುಗ ಅಮೆರಿಕದ ಡೊನಾಲ್ಡ್ ಟ್ರಿಪ್ಲೆಟ್. ಅವನಿಗೆ ಎಣಿಸುವ ಹುಚ್ಚು. ಅವನನ್ನು ಇಟ್ಟುಕೊಂಡಿದ್ದ ರೈತ ದಂಪತಿ ಬೈಯಲಿಲ್ಲ. ಹೊಲ ಉಳುತ್ತಾ ಸಾಲು ಎಣಿಸು ಅಂದರು, ಬಾವಿ ತೋಡಿ ಆಳ ಅಳೆ ಅಂದರು. ಮುಂದೆ ಆತ ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿದರು, ಕಾರು ಓಡಿಸಿದರು, 2023ರಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡರು. ಎಲ್ಲ ಮಕ್ಕಳೂ ಹಾಗಾಗುತ್ತಾರೆ ಎಂದು ನಾನು ಹೇಳುತ್ತಿಲ್ಲ. ಆದರೆ ಆ ರೈತ ದಂಪತಿಯಂಥವರು ನಮ್ಮ ಸಂಘದಲ್ಲೂ ಸಿಗಬೇಕಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಚಿಕ್ಕ ಮಕ್ಕಳಿಗೆ ಕೇಂದ್ರಗಳಿವೆ. 18 ದಾಟಿದವರಿಗೆಂದು ಫೋನ್ ಮಾಡಿದರೆ ಮೊದಲು ವಯಸ್ಸು ಕೇಳಿ ಆಮೇಲೆ ಇಲ್ಲ ಎನ್ನುತ್ತಾರೆ. ವಾರಕ್ಕೊಮ್ಮೆ ಮನೆಗೆ ಬಂದು ಕಲಿಸುವವರ ಸಂಬಳ, ಕರೆದೊಯ್ಯುವ ರಿಕ್ಷಾ ಬಾಡಿಗೆ, ಇವು ನಿಧಿಯ ಲೆಕ್ಕಕ್ಕೆ ಬರಲಿ. ಒಂದೇ ಸಲ ದೊಡ್ಡ ಮೊತ್ತ ಬೇಡ. ಎರಡು ವರ್ಷ ತಪ್ಪದೆ ತಿಂಗಳು ತಿಂಗಳು ಬಂದರೆ ಸಾಕು. ಅಂಗಡಿ, ವರ್ಕ್‌ಶಾಪ್ ಇರುವವರು ದಿನಕ್ಕೆ ಒಂದು ತಾಸು ಒಬ್ಬ ಹುಡುಗನಿಗೆ ಎಣಿಸುವ, ಪ್ಯಾಕ್ ಮಾಡುವ ಕೆಲಸ ಕೊಡಿ.

ಚಹಾ ತಯಾರಾಗಿದೆಯಂತೆ. ಇವತ್ತು ಹಂಚುವವನು ನನ್ನ ಮಗ. ಕಪ್ಪು ಕೈಗೆ ಕೊಟ್ಟು ನಿಮ್ಮ ಮುಂದೆಯೇ ನಿಲ್ಲುತ್ತಾನೆ. 'ಆಯ್ತು' ಅನ್ನಿ, ಮುಂದಿನವರ ಹತ್ತಿರ ಹೋಗುತ್ತಾನೆ. ಅವನ ಕೈಯಿಂದ ಟ್ರೇ ಮಾತ್ರ ಯಾರೂ ತಗೋಬೇಡಿ.